ಸೇವೆಯೋ ಬಿಟ್ಟಿಯೋ?

ಮನುಷ್ಯರಿಗೆ ಇರುವಂತೆಯೇ ಶಬ್ದಗಳಿಗೂ ಏಳುಬೀಳುಗಳುಂಟು. ಒಂದು ಕಾಲದಲ್ಲಿ ಹೀನಾರ್ಥದಲ್ಲಿದ್ದ ಮಾತು ಇನ್ನೊಂದು ಕಾಲದಲ್ಲಿ ಪೀಠವೇರಿ ಪೂಜೆಗೊಳ್ಳುವುದನ್ನು ಭಾಷಾಭ್ಯಾಸಿಗಳು ಬಲ್ಲರು. ‘ಸೇವೆ’ ಎಂಬುದು ಅಂಥ ಒಂದು ಶಬ್ದ. ಇಂದು ಸಭೆಯಲ್ಲಿ ಎದ್ದು ನಿಂತವರೆಲ್ಲರ ಬಾಯಲ್ಲಿಯೂ ಈ ಮಾತು ನಲಿಯುತ್ತದೆ. ನಲಿಯಲಿ, ಬೇಡವೆನ್ನುವವರು ಯಾರು? ಆದರೆ ಒಂದು ಪೂಜ್ಯ ಶಬ್ದವನ್ನು ಮುಂದೆ ಹಿಡಿದು, ಅದರ ಮರೆಯಲ್ಲಿ ಲಕ್ಷಾಂತರ ಹೆಣ್ಣುಮಕ್ಕಳ ದುಡಿಮೆಯ ಕೂಲಿಯನ್ನು ಅಡಗಿಸುವುದಾದರೆ, ಆ ಶಬ್ದವನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಬೇಕಾದುದು ಓದುಬರಹ ಬಲ್ಲವರ ಕರ್ತವ್ಯ. ಈ ಲೇಖನದ ಉದ್ದೇಶವು ಅಷ್ಟೆ.

ಮನೆಮನೆಗೆ ಹೋಗಿ ಗರ್ಭಿಣಿಯರನ್ನು, ಹಸುಗೂಸುಗಳನ್ನು, ರೋಗಿಗಳನ್ನು ನೋಡಿಕೊಳ್ಳುವ ಆಶಾ ಕಾರ್ಯಕರ್ತೆಯರು. ಊರ ಎಳೆಯ ಮಕ್ಕಳಿಗೆ ಉಣ್ಣಿಸಿ ಆಡಿಸಿ ಕಲಿಸುವ ಅಂಗನವಾಡಿ ಕಾರ್ಯಕರ್ತೆಯರು. ನೆರೆ, ಭೂಕುಸಿತ, ಸಾಂಕ್ರಾಮಿಕ, ಆತ್ಮಹತ್ಯೆ ಮೊದಲಾದ ಸಂಕಟಗಳು ಒದಗಿದಾಗ ಜನರ ಬಾಗಿಲಿಗೇ ಹೋಗಿ ಅವರ ಜೊತೆ ನಿಲ್ಲುವ ಸಮಾಜಕಾರ್ಯಕರ್ತರು, ಇವರೇ ನನ್ನ ಪ್ರಕೃತ ವಿಷಯ. ಇವರ ವಿಚಾರವಾಗಿ ನಮ್ಮ ಸುಶಿಕ್ಷಿತ ಮನೆಗಳಲ್ಲಿ ಒಂದು ಅಭಿಪ್ರಾಯವು ಬೇರುಬಿಟ್ಟಿದೆ. ಅದನ್ನು ಶಾಸ್ತ್ರಕಾರರ ಕ್ರಮದಂತೆ ಪೂರ್ವಪಕ್ಷವಾಗಿ ಮೊದಲು ನಿಲ್ಲಿಸಿ, ಬಳಿಕ ಉತ್ತರ ಹೇಳುತ್ತೇನೆ.

ಪೂರ್ವಪಕ್ಷದ ವಾದ ಹೀಗಿದೆ. ‘ಇವರು ಮಾಡುವುದು ಸೇವೆ, ಸೇವೆಗೆ ಬೆಲೆ ಕಟ್ಟಬಾರದು, ಸಂಬಳ ಬಂದೊಡನೆ ಸೇವಾಭಾವ ಹೊರಟುಹೋಗುತ್ತದೆ. ಇದು ದಿನಕ್ಕೆ ಕೆಲವೇ ಗಂಟೆಗಳ ಕೆಲಸ. ಸ್ವಇಚ್ಛೆಯಿಂದ ಬಂದವರು ಈಗ ಬೀದಿಯಲ್ಲಿ ಕುಳಿತು ಘೋಷಣೆ ಕೂಗುವುದು ತರವಲ್ಲ. ಬೊಕ್ಕಸದಲ್ಲಿ ಅಷ್ಟು ಹಣವೂ ಇಲ್ಲ. ಕಾಯಂ ಮಾಡಿದರೆ ಸೋಮಾರಿಗಳಾಗುತ್ತಾರೆ. ಒಟ್ಟಿನಲ್ಲಿ ಇದು ಪುಣ್ಯದ ಕೆಲಸವೇ ಹೊರತು ಉದ್ಯೋಗವಲ್ಲ; ಓದಿದ ಮಕ್ಕಳು ಜೀವನೋಪಾಯವಾಗಿ ಆರಿಸಿಕೊಳ್ಳತಕ್ಕದ್ದಂತೂ ಅಲ್ಲ.’ ನಮ್ಮ ಸಂಘದ ಸಭೆಯೊಂದರಲ್ಲಿಯೇ ಒಬ್ಬ ಹಿರಿಯ ಸದಸ್ಯರು ಇದನ್ನು ಬಹು ಸೊಗಸಾಗಿ ಪ್ರತಿಪಾದಿಸಿದರು, ಭರ್ತೃಹರಿಯನ್ನೂ ಸಾಕ್ಷಿಗೆ ಕರೆದರು, ಕರತಾಡನವೂ ಆಯಿತು.

ಆ ಸಾಕ್ಷಿಯಿಂದಲೇ ತೊಡಗೋಣ. ಸೇವಾಧರ್ಮವು ಯೋಗಿಗಳಿಗೂ ನಿಲುಕದಷ್ಟು ಗಹನವೆಂದು ಭರ್ತೃಹರಿಯು ನೀತಿಶತಕದಲ್ಲಿ ಹೇಳಿರುವುದು ನಿಜ. ಸಮಾರಂಭದ ಆಹ್ವಾನಪತ್ರಿಕೆಗಳ ಮೇಲೆ ಆ ಮಾತನ್ನು ಸಮಾಜಸೇವೆಯ ಸ್ತೋತ್ರವೆಂಬಂತೆ ಅಚ್ಚುಹಾಕಿಸುವವರು ಅದೇ ಪದ್ಯದ ಮೊದಲ ಮೂರು ಪಾದಗಳನ್ನು ಓದಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಅಲ್ಲಿ ಕವಿ ವರ್ಣಿಸುವುದು ಒಡೆಯನ ಮುಂದೆ ನಿಂತ ಸೇವಕನ ದುರವಸ್ಥೆಯನ್ನು. ಸುಮ್ಮನಿದ್ದರೆ ಮೂಗನೆನ್ನಿಸಿಕೊಳ್ಳುವನು, ಮಾತಾಡಿದರೆ ಹರಟೆಮಲ್ಲನೆನ್ನಿಸಿಕೊಳ್ಳುವನು. ಹತ್ತಿರ ನಿಂತರೆ ಧಾರ್ಷ್ಟ್ಯ, ದೂರ ನಿಂತರೆ ಹೇಡಿತನ. ಸಹಿಸಿದರೆ ಭೀರು, ಸಹಿಸದಿದ್ದರೆ ಕುಲಹೀನ. ಇಂಥ ಬಾಳು ಯೋಗಿಗೂ ಅಸಾಧ್ಯವೆಂಬುದು ಆ ಪದ್ಯದ ತಾತ್ಪರ್ಯ. ಮನುವಂತೂ ಸೇವೆಯನ್ನು ‘ಶ್ವವೃತ್ತಿ’ ಎಂದೇ ಕರೆದು ಬಿಟ್ಟನು. ಹೀಗೆ ಪ್ರಾಚೀನರಲ್ಲಿ ಸೇವೆಯೆಂದರೆ ಪರಾಧೀನನಾಗಿ ದುಡಿಯುವುದು ಎಂಬ ಅರ್ಥವೇ ಪ್ರಬಲವಾಗಿತ್ತು. ಆದರೆ ಭರ್ತೃಹರಿಯ ಪದ್ಯವು ಇಂದಿನ ಆಶಾ ಕಾರ್ಯಕರ್ತೆಗೆ ಅಕ್ಷರಶಃ ಹೊಂದುತ್ತದೆ ಎಂಬುದನ್ನು ಒಪ್ಪುತ್ತೇನೆ. ಕೇಳದೆ ಸುಮ್ಮನಿದ್ದರೆ ಆಕೆಗೆ ಏನೂ ಬೇಡವೆಂದು ತಿಳಿಯುತ್ತೇವೆ. ಕೇಳಿದರೆ ಬಾಯಾಳಿ ಎನ್ನುತ್ತೇವೆ. ನಮ್ಮ ಹಿರಿಯ ಸದಸ್ಯರು ಸರಿಯಾದ ಸಾಕ್ಷಿಯನ್ನೇ ಕರೆದರು. ಸಾಕ್ಷಿ ಮಾತ್ರ ಎದುರುಪಕ್ಷದ ಪರವಾಗಿ ನುಡಿಯಿತು.

ಇನ್ನು ಕೆಲವರು ‘ಕಾಯಕ’ವೆಂಬ ನಮ್ಮ ನಾಡಿನ ದೊಡ್ಡ ಮಾತನ್ನು ಮುಂದಿಡುತ್ತಾರೆ. ಕಾಯಕವೆಂದರೆ ಕೂಲಿಯಿಲ್ಲದ ದುಡಿಮೆಯೆಂದು ಇವರಿಗೆ ಯಾರು ಹೇಳಿದರೋ ಕಾಣೆ. ಶರಣರಲ್ಲಿ ಮಡಿವಾಳನು ಬಟ್ಟೆಯೊಗೆದು ಬಾಳಿದನು. ಅಂಬಿಗನು ದೋಣಿ ನಡಸಿ ಬಾಳಿದನು. ನುಲಿಯ ಚಂದಯ್ಯನು ಹಗ್ಗ ಹೊಸೆದು ಮಾರಿ ಬಾಳಿದನು. ತಮ್ಮ ದುಡಿಮೆಯ ಫಲದಿಂದಲೇ ಉಂಡು, ಉಳಿದುದನ್ನು ದಾಸೋಹಕ್ಕೆ ಸಲ್ಲಿಸಿದರು. ಆಯ್ದಕ್ಕಿ ಲಕ್ಕಮ್ಮ ಗಂಡನನ್ನು ಹಿಂದಕ್ಕೆ ಕಳುಹಿಸಿದ್ದು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದನೆಂಬ ಕಾರಣಕ್ಕೆ. ಅಕ್ಕಿಯನ್ನೇ ತರಬೇಡ, ಉಪವಾಸವಿರೋಣ ಎಂದು ಆಕೆ ಹೇಳಲಿಲ್ಲ. ಅತ್ಯಾಸೆಗೆ ಕಟ್ಟಿದ ಕಟ್ಟಳೆಯನ್ನು ಅರೆಹೊಟ್ಟೆಯವರ ಮೇಲೆ ಹೇರುವುದು ಶರಣರಿಗೆ ಮಾಡುವ ಅಪಚಾರ.

ಅದಂತಿರಲಿ. ದುಡಿದವನಿಗೆ ಕೊಡತಕ್ಕದ್ದನ್ನು ಕುರಿತು ನಮ್ಮ ಪ್ರಾಚೀನರ ನಿಲುವೇನು? ವೇತನವನ್ನು ಕೊಡದಿರುವುದನ್ನು ಧರ್ಮಶಾಸ್ತ್ರಕಾರರು ಹದಿನೆಂಟು ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಎಂದರೆ, ಸಾಲದ ವ್ಯಾಜ್ಯ ಗಡಿಯ ವ್ಯಾಜ್ಯಗಳಂತೆ ಅದೂ ರಾಜನ ನ್ಯಾಯಸ್ಥಾನಕ್ಕೆ ಬರತಕ್ಕ ಅಪರಾಧ. ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಿರಿ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಆ ಗ್ರಂಥವು ನಮ್ಮ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿಯೇ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾಯಿತೆಂಬುದು ಕನ್ನಡಿಗರ ಹೆಮ್ಮೆ. ಅದರ ಐದನೆಯ ಅಧಿಕರಣದಲ್ಲಿ ಭೃತ್ಯರ ಭರಣವನ್ನು ಹೇಳುವ ಒಂದು ಪ್ರಕರಣವಿದೆ. ಆದಾಯದ ನಾಲ್ಕನೆಯ ಒಂದು ಪಾಲನ್ನು ಭೃತ್ಯರಿಗಾಗಿ ಇಡಬೇಕು. ಕೆಲಸ ಸಾಧಿಸುವಷ್ಟಾದರೂ ವೇತನವಿರಬೇಕು ಎಂದು ಅಲ್ಲಿ ವಿಧಿ. ಮಂತ್ರಿ ಪುರೋಹಿತರ 48,000 ಪಣದಿಂದ ತೊಡಗಿ ಅತಿ ಕೆಳಗಿನ ಕೆಲಸಗಾರನ 60 ಪಣದವರೆಗೆ ಪಟ್ಟಿ ಹಾಕಿದೆ. ಈ ಅಂತರ ನಮಗೆ ಹಿಡಿಸದಿರಬಹುದು; ಆದರೆ ಪಟ್ಟಿಯ ಕಟ್ಟಕಡೆಯವನಿಗೂ ಗೊತ್ತಾದ ವೇತನ ಉಂಟು ಎಂಬುದನ್ನು ಗಮನಿಸಬೇಕು. ಕೆಲಸದಲ್ಲಿ ಸತ್ತವರ ಹೆಂಡಿರುಮಕ್ಕಳಿಗೆ ಅನ್ನವೂ ವೇತನವೂ ಸಲ್ಲಬೇಕು. ಭೃತ್ಯರ ಮನೆಯ ಸಾವು, ರೋಗ, ಬಾಣಂತನಗಳಲ್ಲಿ ರಾಜನು ನೆರವಾಗಬೇಕು ಎಂದೂ ಹೇಳಿದೆ. ರಾಜ್ಯತಂತ್ರದಲ್ಲಿ ಕಠೋರನೆಂದು ಹೆಸರಾದ ಕೌಟಿಲ್ಯನು ತನ್ನ ಭೃತ್ಯರಿಗೆ ಇಷ್ಟನ್ನು ಕೊಟ್ಟನು. ಕರುಣೆಯ ಮಾತಾಡುವ ನಾವು ಏನು ಕೊಟ್ಟಿದ್ದೇವೆ?

‘ಗೌರವಧನ’ವನ್ನು ಕೊಟ್ಟಿದ್ದೇವೆ. ಈ ಸಮಾಸವನ್ನು ಬಿಡಿಸಿ ನೋಡಿದರೆ ಗೌರವ ಒಂದು ಕಡೆ, ಧನ ಒಂದು ಕಡೆ. ಎರಡೂ ಸ್ವಲ್ಪ ಸ್ವಲ್ಪ. 2005ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆರಂಭವಾದಾಗ ಸಾವಿರ ಜನಸಂಖ್ಯೆಗೆ ಒಬ್ಬಳಂತೆ ಆಶಾ ಕಾರ್ಯಕರ್ತೆಯನ್ನು ಆರಿಸಲು ಗೊತ್ತಾಯಿತು. ಆಕೆ ನೌಕರಳಲ್ಲ, ಸ್ವಯಂಸೇವಕಿ; ಆಕೆಗೆ ವೇತನವಿಲ್ಲ, ಮಾಡಿದ ಒಂದೊಂದು ಕೆಲಸಕ್ಕೆ ಒಂದೊಂದು ಪ್ರೋತ್ಸಾಹಧನ. ಒಂದು ಉದಾಹರಣೆ ಸಾಕು. ಹೆರಿಗೆಯಾಗಿ ಮನೆಗೆ ಬಂದ ಕೂಸನ್ನು ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ, ನಲವತ್ತೆರಡನೆಯ ದಿನಗಳಲ್ಲಿ ನೋಡಿ, ತೂಗಿ, ಮೈಯ ಬಿಸಿ ಅಳೆದು, ಎದೆಹಾಲು ಸರಿಯಾಗಿ ಕುಡಿಯುತ್ತಿದೆಯೇ, ಹೊಕ್ಕುಳು ಕೀವಾಗಿದೆಯೇ, ತಾಯಿಗೆ ಜ್ವರವಿದೆಯೇ, ರಕ್ತಸ್ರಾವವಿದೆಯೇ ಎಂದು ಪರೀಕ್ಷಿಸಿ, ಎಲ್ಲವನ್ನೂ ನಮೂನೆಯಲ್ಲಿ ತುಂಬಿ ಕೊಡುವುದಕ್ಕೆ ಗೊತ್ತುಪಡಿಸಿದ್ದ ಹಣ 250 ರೂಪಾಯಿ. ಒಂದು ಭೇಟಿಗೆ 42 ರೂಪಾಯಿಗೂ ಕಡಮೆ. ನಮ್ಮ ಮಲೆನಾಡಿನಲ್ಲಿ ಒಂದು ಒಂಟಿಮನೆಯಿಂದ ಇನ್ನೊಂದಕ್ಕೆ ಹೋಗುವ ಆಟೋರಿಕ್ಷಾದ ಬಾಡಿಗೆಯೇ ಅದಕ್ಕಿಂತ ಹೆಚ್ಚು. ಆದುದರಿಂದ ಆಕೆ ನಡೆಯುತ್ತಾಳೆ.

ಈಗ ಪೂರ್ವಪಕ್ಷದ ಒಂದೊಂದು ಮಾತಿಗೂ ಉತ್ತರ ಹೇಳೋಣ.

ಸಂಬಳದಿಂದ ಸೇವಾಭಾವ ಕೆಡುತ್ತದೆಂಬುದು ಮೊದಲನೆಯ ಆಕ್ಷೇಪ. ಇದು ನಿಜವಾದರೆ ಮೊತ್ತಮೊದಲು ಕೆಟ್ಟವನು ನಾನು. ಮೂರು ದಶಕಗಳಿಗೂ ಮಿಕ್ಕಿ ಉಪಾಧ್ಯಾಯನಾಗಿ ತಿಂಗಳು ತಿಂಗಳೂ ಸಂಬಳ ತೆಗೆದುಕೊಂಡೆ. ಈಗ ಪಿಂಚಣಿಯನ್ನು ತೆಗೆದುಕೊಳ್ಳುತ್ತಿದ್ದೇನೆ. ಕೂಲಿಗೆ ಪಾಠ ಹೇಳುವವನನ್ನು ಮನುವು ‘ಭೃತಕಾಧ್ಯಾಪಕ’ನೆಂದು ಕರೆದು ಶ್ರಾದ್ಧದ ಪಂಕ್ತಿಯಿಂದ ಎಬ್ಬಿಸಿದ್ದಾನೆ. ಆ ಕಟ್ಟಳೆಯನ್ನು ಲೋಕವು ಮರೆಯಿತು, ಒಳ್ಳೆಯದೇ ಆಯಿತು. ಮರೆಯದಿದ್ದರೆ ಅನ್ನಕ್ಕಿರುವ ಮನೆಯವರ ಮಕ್ಕಳು ಮಾತ್ರ ಗುರುಗಳಾಗುತ್ತಿದ್ದರು, ಬಡವರ ಮಕ್ಕಳು ಅಕ್ಷರ ಕಾಣುತ್ತಿರಲಿಲ್ಲ. ನ್ಯಾಯಾಧೀಶರಿಗೆ ಸಂಬಳವಿದೆ, ಅದರಿಂದ ನ್ಯಾಯ ಮೈಲಿಗೆಯಾಗಲಿಲ್ಲ. ಗಡಿಯಲ್ಲಿ ನಿಂತ ಯೋಧನಿಗೆ ಸಂಬಳವಿದೆ. ಆತನ ದೇಶಭಕ್ತಿಯನ್ನು ಯಾರೂ ಶಂಕಿಸುವುದಿಲ್ಲ. ದಕ್ಷಿಣೆಯಿಲ್ಲದ ಯಜ್ಞವು ಫಲಿಸುವುದಿಲ್ಲವೆಂದು ಹೇಳುವ ನಾವೇ ಬಾಣಂತಿಯ ಮನೆಗೆ ಹೋಗುವವಳಿಗೆ ದಕ್ಷಿಣೆ ಕೊಟ್ಟರೆ ಪುಣ್ಯ ಕೆಡುತ್ತದೆಂದು ಹೇಳುವುದು ಎಂಥ ಮೀಮಾಂಸೆ? ನಿಸ್ಪೃಹತೆಯನ್ನು ಒಬ್ಬನು ತನ್ನಿಂದ ತಾನು ಬಯಸಬೇಕು; ಇನ್ನೊಬ್ಬರ ಮೇಲೆ ವಿಧಿಸಿದ ನಿಸ್ಪೃಹತೆಗೆ ಬೇರೆ ಹೆಸರಿದೆ.

ಆ ಹೆಸರು ಬಿಟ್ಟಿ. ಸಂಸ್ಕೃತದ ‘ವಿಷ್ಟಿ’ ಎಂಬುದೇ ಕನ್ನಡದಲ್ಲಿ ‘ಬಿಟ್ಟಿ’ಯಾಯಿತು. ಊರಗೌಡನ ಹೊಲದಲ್ಲಿ, ದೊರೆಯ ಸವಾರಿಯ ದಾರಿಯಲ್ಲಿ ಕೂಲಿಯಿಲ್ಲದೆ ಮಾಡಿಸಿಕೊಳ್ಳುತ್ತಿದ್ದ ಕೆಲಸ ಅದು. ನಮ್ಮ ಸಂವಿಧಾನದ 23ನೆಯ ಅನುಚ್ಛೇದವು ಇದನ್ನು ನಿಷೇಧಿಸಿದೆ. 1982ರಲ್ಲಿ ಏಷ್ಯಾ ಕ್ರೀಡಾಕೂಟದ ಕಟ್ಟಡಕೆಲಸಗಾರರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕನಿಷ್ಠ ವೇತನಕ್ಕಿಂತ ಕಡಮೆ ಕೊಟ್ಟು ದುಡಿಸಿಕೊಳ್ಳುವುದೂ ಬಲವಂತದ ದುಡಿಮೆಯೇ ಎಂದು ತೀರ್ಪಿತ್ತಿತು. ಹಸಿವೂ ಒಂದು ಬಲವಂತ. ಹಸಿದವನು ಸಿಕ್ಕಿದಷ್ಟಕ್ಕೆ ಒಪ್ಪಿದನೆಂದರೆ ಅದು ಒಪ್ಪಿಗೆಯಲ್ಲ ಎಂಬುದು ಆ ತೀರ್ಪಿನ ಹೃದಯ. ‘ಸ್ವಇಚ್ಛೆಯಿಂದ ಬಂದವರು’ ಎಂಬ ಪೂರ್ವಪಕ್ಷದ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇದು ಅಲ್ಪಸ್ವಲ್ಪ ಹೊತ್ತಿನ ಹಗುರ ಕೆಲಸವೆಂಬುದು ಎರಡನೆಯ ಆಕ್ಷೇಪ. ಹೇಳುವವರು ಒಂದು ದಿನವಾದರೂ ಆಕೆಯ ಹಿಂದೆ ನಡೆದು ನೋಡಬೇಕು. ದೂರದ ಮಾತೇಕೆ? ನಮ್ಮ ಶಿವಮೊಗ್ಗ ಜಿಲ್ಲೆಯದೇ ಒಂದು ಸಂಕಟವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಅದರ ಬೆನ್ನಿಗೆ ಮನುಷ್ಯರೂ ಜ್ವರ ಬಂದು ಸತ್ತಾಗ, ಲೋಕಕ್ಕೆ ಹೊಸದೊಂದು ರೋಗಾಣುವಿನ ಪರಿಚಯವಾಯಿತು. ವೈದ್ಯರು ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಉಣುಗು ಕಚ್ಚುವುದರಿಂದ ಹರಡುವ ಈ ಜ್ವರಕ್ಕೆ ಇಂಥದೇ ಎಂಬ ಔಷಧಿಯಿಲ್ಲ. ಬಹುಕಾಲ ಹಾಕುತ್ತಿದ್ದ ಲಸಿಕೆಯೂ ಫಲಕಾರಿಯಲ್ಲವೆಂದು ನಿಂತುಹೋಯಿತು. ಉಳಿದದ್ದು ಎಚ್ಚರಿಕೆಯೊಂದೇ. 2019ರ ಆದಿಭಾಗದಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆ ಹಲವರ ಪ್ರಾಣ ತೆಗೆದುದನ್ನು ನಾವು ಮರೆಯಬಾರದು.

ಇಂಥ ಊರಿನಲ್ಲಿ ಆಶಾ ಕಾರ್ಯಕರ್ತೆಯ ಕೆಲಸವೇನೆಂದು ಎಣಿಸಿರಿ. ಕಾಡಿಗೆ ದರಗು ತರಲು, ಸೌದೆ ತರಲು, ದನ ಅರಸಲು ಹೋಗುವವರ ಮನೆಮನೆಗೆ ಉಣುಗು ಹತ್ತದಂತೆ ಬಳಿದುಕೊಳ್ಳುವ ಎಣ್ಣೆಯನ್ನು ಒಯ್ದು ಕೊಡುವುದು. ‘ಇದೇನು ವಾಸನೆ’ ಎಂದು ಮೂಲೆಗಿಟ್ಟವರನ್ನು ಒಲಿಸಿ ಹಚ್ಚಿಸುವುದು. ಮಂಗ ಸತ್ತ ಸುದ್ದಿ ಬಂದೊಡನೆ ಮೇಲಿನವರಿಗೆ ತಿಳಿಸುವುದು. ಯಾರ ಮನೆಯಲ್ಲಿ ಜ್ವರ, ಯಾರು ತಲೆನೋವೆಂದು ಮಲಗಿದ್ದಾರೆ ಎಂದು ದಿನದಿನವೂ ವಿಚಾರಿಸುವುದು. ರಕ್ತಪರೀಕ್ಷೆಗೆ ಹೆದರಿ ಹಿತ್ತಿಲ ಬಾಗಿಲಿಂದ ತೋಟಕ್ಕೆ ಹೋದವನನ್ನು ಹುಡುಕಿ ಕರೆತರುವುದು. ಎಲ್ಲಕ್ಕಿಂತ ಮಿಗಿಲಾಗಿ, ಸಾವಾದ ಮನೆಯವರ ಸಿಟ್ಟನ್ನು ಎದುರು ನಿಂತು ಕೇಳುವುದು. ಏಕೆಂದರೆ ಸರ್ಕಾರವೆಂಬುದಕ್ಕೆ ಆ ಊರಿನಲ್ಲಿರುವ ಮುಖ ಆಕೆಯದೊಂದೇ. ಮೇಲಿನವರು ಜೀಪಿನಲ್ಲಿ ಬಂದು ಜೀಪಿನಲ್ಲಿ ಹೋಗುತ್ತಾರೆ. ಆಕೆ ನಾಳೆ ಅದೇ ಬಾವಿಯಲ್ಲಿ ನೀರು ಸೇದಬೇಕು. ಎಣ್ಣೆ ಮನೆಗೆ ಬಂದು ತಲಪಲಿಲ್ಲವೆಂದರೂ ಬೈಗುಳ ಆಕೆಗೇ, ತಲಪಿಯೂ ಹಚ್ಚಿಕೊಳ್ಳದೆ ಜ್ವರ ಬಂದರೂ ಬೈಗುಳ ಆಕೆಗೇ. ಇದನ್ನು ಹಗುರ ಕೆಲಸವೆನ್ನಲು ನಾಲಗೆ ಬರಬೇಕು.

ಈ ಕೆಲಸದಲ್ಲಿ ಒಂದು ವಿದ್ಯೆಯುಂಟು ಎಂಬುದನ್ನೂ ನಾವು ಕಾಣುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಪರಿಹಾರಕೇಂದ್ರಗಳಲ್ಲಿ ಮನೆಮಾರು ಕಳೆದುಕೊಂಡ ಕುಟುಂಬಗಳು ಬಂದು ಸೇರಿದವು. ಅಂಥವರಿಗೆ ಅಕ್ಕಿ, ಕಂಬಳಿ ಹಂಚುವುದಕ್ಕೆ ಒಳ್ಳೆಯ ಮನಸ್ಸು ಸಾಕು. ಆದರೆ ಮಾತೇ ನಿಂತುಹೋದ ಮುದುಕನ ಬಳಿ ಹೇಗೆ ಕೂರಬೇಕು, ರಾತ್ರಿ ಮಳೆಯ ಸದ್ದಿಗೆ ಬೆಚ್ಚುವ ಮಗುವಿನ ತಾಯಿಗೆ ಏನು ಹೇಳಬೇಕು, ಏನು ಹೇಳಬಾರದು, ಯಾರನ್ನು ವೈದ್ಯರ ಬಳಿಗೆ ಒಯ್ಯಲೇಬೇಕು ಎಂಬುದನ್ನು ತಿಳಿಯಲು ಒಳ್ಳೆಯ ಮನಸ್ಸೊಂದೇ ಸಾಲದು, ಕಲಿಯಬೇಕು. ಆತ್ಮಹತ್ಯೆಗೆ ಯತ್ನಿಸಿ ಉಳಿದವನ ಮನೆಗೆ ಹೋಗಿ ‘ಹೀಗೇಕೆ ಮಾಡಿದೆ’ ಎಂದು ಮೊದಲು ಕೇಳುವವನು ಅವಿದ್ಯಾವಂತ. ‘ರಾತ್ರಿ ನಿದ್ದೆ ಬರುತ್ತಿದೆಯೇ, ಊಟ ಮಾಡಿದೆಯಾ’ ಎಂದು ತೊಡಗುವವನು ಕಲಿತವನು. ಆತನ ಕೈಗೆ ಸಿಕ್ಕುವ ವಿಷದ ಡಬ್ಬಿಯನ್ನು ಮನೆಯಿಂದ ಹೊರಗೆ ಸಾಗಿಸುವಂತೆ ಮನೆಯವರಿಗೆ ಸದ್ದಿಲ್ಲದೆ ಹೇಳಿಬರುವವನು ಇನ್ನೂ ಚೆನ್ನಾಗಿ ಕಲಿತವನು.

ಈ ವಿದ್ಯೆಗೆ ನಮ್ಮ ನಾಡಿನಲ್ಲಿ ಇತಿಹಾಸವೂ ಇದೆ. 1936ರಲ್ಲಿ ಮುಂಬಯಿಯಲ್ಲಿ ಟಾಟಾ ದತ್ತಿಯವರು ಸಮಾಜಕಾರ್ಯದ ಶಾಲೆಯನ್ನು ತೆರೆದರು. ಮಂಗಳೂರಿನ ರೋಶನಿ ನಿಲಯವು 1960ರಲ್ಲಿ ಆರಂಭವಾಯಿತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಆಸ್ಪತ್ರೆಯ ಗೋಡೆಯಿಂದ ಹೊರಕ್ಕೆ ತಂದರು. ಆ ಮಾದರಿಯೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ಹೆಸರಿನಿಂದ ದೇಶಕ್ಕೆ ಹಬ್ಬಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ 14416 ಸಂಖ್ಯೆಯ ದೂರವಾಣಿ ಸಹಾಯಕ್ಕೂ ನಿಮ್ಹಾನ್ಸೇ ಮೂಲಸ್ಥಾನ. ಇದೆಲ್ಲವೂ ಸಂತೋಷವೇ. ಆದರೆ ದೂರವಾಣಿಯು ಮಾತನಾಡಬಲ್ಲದೇ ಹೊರತು ಬಾಗಿಲು ತಟ್ಟಲಾರದು. ಕರೆ ಮಾಡುವಷ್ಟು ಚೈತನ್ಯವೂ ಉಳಿಯದವನ ಬಾಗಿಲನ್ನು ತಟ್ಟಲು ಒಬ್ಬ ಮನುಷ್ಯನೇ ಹೋಗಬೇಕು.

ಬೊಕ್ಕಸದಲ್ಲಿ ಹಣವಿಲ್ಲವೆಂಬುದು ಮೂರನೆಯ ಆಕ್ಷೇಪ. ಲೆಕ್ಕದ ಮಾತಿಗೆ ಲೆಕ್ಕವೇ ಉತ್ತರ. ಕರ್ನಾಟಕದಲ್ಲಿ 2001-03ರ ಅವಧಿಯಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಅವಧಿಗೆ ಅದು 69ಕ್ಕೆ ಇಳಿಯಿತು. 2005-06ರಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತಿದ್ದುವು. 2019-21ರ ಸಮೀಕ್ಷೆಯಲ್ಲಿ ಸುಮಾರು 97. ಈ ಇಳಿಕೆಗೆ ರಸ್ತೆ, ಆಂಬುಲೆನ್ಸು, ವೈದ್ಯರು, ಹೆಣ್ಣುಮಕ್ಕಳ ವಿದ್ಯಾಭ್ಯಾಸ ಮೊದಲಾದ ಕಾರಣಗಳೂ ಸೇರಿವೆ. ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ನಡುರಾತ್ರಿ ನೋವು ಬಂದವಳ ಜೊತೆ ಆಂಬುಲೆನ್ಸಿನಲ್ಲಿ ಕುಳಿತು ಹೋದವಳು ಯಾರೆಂದು ಹಳ್ಳಿಯ ಯಾವ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಉಳಿದ ಪ್ರಾಣಗಳ ಲೆಕ್ಕವನ್ನು ಸಾಧನೆಯ ಪುಸ್ತಕದಲ್ಲಿ ಬರೆಯಲು ಹಣವಿದೆ, ಉಳಿಸಿದವಳಿಗೆ ಕೊಡಲು ಇಲ್ಲ ಎಂಬ ಲೆಕ್ಕವನ್ನು ನನ್ನ ಶಾಲೆಯ ಹುಡುಗನು ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.

ಕಾಯಂ ಮಾಡಿದರೆ ಸೋಮಾರಿಗಳಾಗುತ್ತಾರೆಂಬುದು ನಾಲ್ಕನೆಯ ಆಕ್ಷೇಪ. ಕಾಯಂ ನೌಕರರಲ್ಲಿ ಸೋಮಾರಿಗಳುಂಟು, ಅಲ್ಲಗಳೆಯುವುದಿಲ್ಲ. ಸೋಮಾರಿತನಕ್ಕೆ ಮದ್ದು ಮೇಲ್ವಿಚಾರಣೆ, ಹಸಿವಲ್ಲ. ಹಸಿವಿನಿಂದ ಮನುಷ್ಯನು ಚುರುಕಾಗುವನೆಂಬುದು ನಿಜವಾದರೆ, ಈ ಆಕ್ಷೇಪವನ್ನೆತ್ತುವ ಪಿಂಚಣಿದಾರ ಮಿತ್ರರು ತಮ್ಮ ಮೇಲೆಯೇ ಮೊದಲು ಪ್ರಯೋಗ ಮಾಡಿ ನೋಡಬಹುದು.

ಇನ್ನು ರಾಜ್ಯದ ನಡತೆಯನ್ನು ನೋಡೋಣ. ಇಲ್ಲಿ ಒಂದು ವಿಚಿತ್ರವಾದ ದ್ವಂದ್ವವಿದೆ. 2020ರ ಏಪ್ರಿಲ್ ಆರಂಭದಲ್ಲಿ ಬೆಂಗಳೂರಿನಲ್ಲಿ ಕೋವಿಡ್ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಯಿತು. ಅದೇ ತಿಂಗಳ 22ರಂದು ಸಾಂಕ್ರಾಮಿಕ ರೋಗಗಳ ಕಾಯಿದೆಗೆ ಸುಗ್ರೀವಾಜ್ಞೆಯಿಂದ ತಿದ್ದುಪಡಿ ತಂದು, ಆರೋಗ್ಯಸೇವಾ ಸಿಬ್ಬಂದಿಯ ಮೇಲೆ ಕೈಮಾಡಿದವರಿಗೆ ಕಠಿಣ ಶಿಕ್ಷೆ ಗೊತ್ತುಮಾಡಿದರು. ಸಿಬ್ಬಂದಿಯ ಪಟ್ಟಿಯಲ್ಲಿ ವೈದ್ಯ, ದಾದಿಯರ ಜೊತೆಯಲ್ಲಿಯೇ ಸಮುದಾಯ ಆರೋಗ್ಯ ಕಾರ್ಯಕರ್ತರನ್ನೂ ಸೇರಿಸಿದರು. ಒಳ್ಳೆಯದಾಯಿತು. ಆದರೆ ಅದೇ ವರ್ಷದ ಜುಲೈಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೊತ್ತಾದ ಮೊತ್ತ ಬೇಕೆಂದು ಕೆಲಸ ನಿಲ್ಲಿಸಿದಾಗ ಅವರು ಮತ್ತೆ ಸ್ವಯಂಸೇವಕಿಯರಾಗಿಬಿಟ್ಟರು. ಏಟು ತಿನ್ನುವಾಗ ಸಿಬ್ಬಂದಿ, ಎಣಿಸಿ ಕೊಡುವಾಗ ಸ್ವಯಂಸೇವಕಿ! ಒಂದೇ ಧರ್ಮಿಯಲ್ಲಿ ವಿರುದ್ಧ ಧರ್ಮಗಳು ನಿಲ್ಲಲಾರವೆಂದು ತರ್ಕಶಾಸ್ತ್ರ ಹೇಳುತ್ತದೆ. ಆಡಳಿತಶಾಸ್ತ್ರಕ್ಕೆ ಆ ತೊಂದರೆಯಿಲ್ಲ.

ಅಂಗನವಾಡಿಯ ಕಥೆಯೂ ಇದೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಆ ಯೋಜನೆಯು ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಕರ್ನಾಟಕದಿಂದಲೇ ಹೋದ ಮೊಕದ್ದಮೆಯೊಂದರಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರೀ ಹುದ್ದೆಯಲ್ಲಿರುವವರಲ್ಲ ಎಂದಿತು. 2013ರ ಮೇ ತಿಂಗಳಲ್ಲಿ ಭಾರತೀಯ ಕಾರ್ಮಿಕ ಸಮ್ಮೇಳನದ 45ನೆಯ ಅಧಿವೇಶನವು ಇಂಥವರನ್ನೆಲ್ಲ ಕಾರ್ಮಿಕರೆಂದು ಗಣಿಸಿ ಕನಿಷ್ಠ ವೇತನ, ಪಿಂಚಣಿಗಳನ್ನು ಕೊಡಬೇಕೆಂದು ಶಿಫಾರಸು ಮಾಡಿತು. ಸರ್ಕಾರವೂ ಮಾಲಿಕರೂ ಕಾರ್ಮಿಕರೂ ಕೂಡಿ ಕೂರುವ ಸಭೆ ಅದು. 2022ರ ಏಪ್ರಿಲ್‌ನಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು ಗುಜರಾತಿನ ಮೊಕದ್ದಮೆಯೊಂದರಲ್ಲಿ, ಅಂಗನವಾಡಿಯ ಗೌರವಧನವು ವೇತನವೇ ಸರಿ, ಇವರಿಗೆ ಉಪದಾನ ಸಲ್ಲಬೇಕು ಎಂದು ತೀರ್ಮಾನಿಸಿತು. ನ್ಯಾಯಾಲಯವೇ ಗೌರವಧನದ ಮುಸುಕನ್ನು ತೆಗೆದು ಒಳಗಿರುವುದು ಕೂಲಿಯೆಂದು ತೋರಿಸಿದ ಮೇಲೆ, ನಾವಿನ್ನೂ ಮುಸುಕಿಗೆ ಕೈಮುಗಿಯುವುದೇಕೆ?

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು ಭಾರತದ ಹತ್ತು ಲಕ್ಷಕ್ಕೂ ಮಿಕ್ಕ ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿಯಿಂದ ಗೌರವಿಸಿದರು. 2025ರ ಜನವರಿಯ ಚಳಿಯಲ್ಲಿ, ಲೋಕವು ಕೊಂಡಾಡಿದ ಆ ನಾಯಕಿಯರಲ್ಲಿ ಸಾವಿರಾರು ಮಂದಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತಿದ್ದರು. ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಎಂಬ ಭರವಸೆ ದೊರೆತ ಮೇಲೆ ಎದ್ದರು. ಅದೇ ವರ್ಷದ ಆಗಸ್ಟಿನಲ್ಲಿ, ಭರವಸೆ ನಡೆಯಲಿಲ್ಲವೆಂದು ಮತ್ತೆ ಕುಳಿತರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯು ಈ ಸಂದರ್ಭಕ್ಕಾಗಿಯೇ ಹುಟ್ಟಿತೇನೋ. 2020ರ ಮಾರ್ಚ್ 22ರ ಸಂಜೆ ನಾವು ತಟ್ಟೆ ಬಾರಿಸಿದೆವು. ಬಾರಿಸಿದ ತಟ್ಟೆಯಲ್ಲಿ ಬಡಿಸುವುದನ್ನು ಮಾತ್ರ ಮರೆತೆವು. ಹಿಂದಿನವರೂ ಹೀಗೆಯೇ ಮಾಡಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕ ಮೇಲೆ ನಾಡಿನ ಅನೇಕ ಊರುಗಳಲ್ಲಿ ಪ್ಲೇಗಿನಮ್ಮನಿಗೆ ಗುಡಿಗಳೆದ್ದುವು; ಇಂದಿಗೂ ಕೆಲವೆಡೆ ಪೂಜೆ ನಡೆಯುತ್ತದೆ. ಅಂದು ಹೆಣ ಹೊತ್ತವರ, ಗುಡಿಸಲುಗಳಲ್ಲಿ ರೋಗಿಗಳನ್ನು ನೋಡಿಕೊಂಡವರ ಹೆಸರು ಯಾವ ಗುಡಿಯ ಗೋಡೆಯ ಮೇಲೂ ಇಲ್ಲ.

ಕಡೆಯ ಆಕ್ಷೇಪವೇ ನಮ್ಮ ವಾಚಕರ ಮನೆಗಳಿಗೆ ಹೆಚ್ಚು ಹತ್ತಿರದ್ದು: ಓದಿದ ಮಕ್ಕಳಿಗೆ ಇದು ತಕ್ಕ ಉದ್ಯೋಗವೇ? ನನ್ನ ಶಿಷ್ಯೆಯೊಬ್ಬಳು ಸಮಾಜಕಾರ್ಯದಲ್ಲಿ ಎಂ.ಎ.ಗೆ ಸಮನಾದ ಪದವಿ ಪಡೆದು, ಹಳ್ಳಿಗಳಲ್ಲಿ ಮಕ್ಕಳ ರಕ್ಷಣೆಯ ಕೆಲಸಕ್ಕೆ ಸೇರಿದಳು. ಬಾಲ್ಯವಿವಾಹವೊಂದನ್ನು ತಡೆಯಲು ರಾತ್ರಿ ಒಂಟಿಯಾಗಿ ಹೋಗಬೇಕಾಯಿತು, ಮದುವೆಮನೆಯವರು ಸುತ್ತುವರಿದರು. ಆಕೆಯನ್ನು ಕಳುಹಿಸಿದ ಸಂಸ್ಥೆಯು ವಾಹನವನ್ನೂ ಜೊತೆಗಾರರನ್ನೂ ಕೊಟ್ಟಿರಲಿಲ್ಲ. ಮದುವೆ ನಿಂತಿತು, ಹನ್ನೊಂದು ತಿಂಗಳ ಕರಾರು ಮುಗಿದಾಗ ಆಕೆಯ ಕೆಲಸವೂ ನಿಂತಿತು. ಮನೆಯವರು ‘ಬೀದಿ ಅಲೆಯುವ ಕೆಲಸ ಸಾಕು’ ಎಂದರು. ಈಗ ಆಕೆ ನಗರದಲ್ಲಿ ಒಂದು ಕಂಪನಿಯ ಕಚೇರಿಯಲ್ಲಿ ಹಾಜರಿ ಲೆಕ್ಕ ನೋಡುತ್ತಾಳೆ. ಆಕೆಯ ತಂದೆತಾಯಿಗಳನ್ನು ನಾನು ದೂರುವುದಿಲ್ಲ. ವರ್ಷ ವರ್ಷವೂ ಹರಿದು ಹೊಸದಾಗಿ ಬರೆಯುವ ಕರಾರನ್ನು ನಂಬಿ ಯಾರು ಬಾಳು ಕಟ್ಟಿಕೊಳ್ಳುವರು? ಆದರೆ ಆ ಹಳ್ಳಿಗಳಲ್ಲಿ ಮುಂದೆ ಅಂಥ ರಾತ್ರಿ ಬಂದರೆ ಹೋಗುವವರು ಯಾರು? ಸಂಕಟದಲ್ಲಿರುವವರ ಬಳಿಗೆ ಹೋಗತಕ್ಕವರನ್ನು ನಾವೇ ಬಡತನಕ್ಕೆ ಅಂಜಿಸಿ ಓಡಿಸಿ, ಆಮೇಲೆ ‘ಈ ಕಾಲದಲ್ಲಿ ಸೇವಾಭಾವ ಎಲ್ಲಿದೆ?’ ಎಂದು ನಿಟ್ಟುಸಿರು ಬಿಡುವುದು ವಂಚನೆ.

ಆದುದರಿಂದ ನನ್ನ ಸಿದ್ಧಾಂತವಿದು. ಸಂಕಟದ ಬಾಗಿಲಿಗೆ ಹೋಗುವ ಕೆಲಸವು ವೈದ್ಯ, ಉಪಾಧ್ಯಾಯ, ನ್ಯಾಯವಾದಿಗಳ ಕೆಲಸದಂತೆ ಒಂದು ವೃತ್ತಿ. ಅದಕ್ಕೆ ಗೊತ್ತಾದ ವೇತನ ಬೇಕು, ಅದು ಕನಿಷ್ಠ ವೇತನಕ್ಕಿಂತ ಕಡಮೆಯಾಗಬಾರದು. ಮುಪ್ಪಿಗೆ ಪಿಂಚಣಿ ಬೇಕು. ತರಬೇತಿ ಬೇಕು, ಕಲಿತವಳಿಗೆ ಮೇಲಿನ ಮೆಟ್ಟಿಲು ಬೇಕು. ರಾತ್ರಿ ಹೋಗುವವಳಿಗೆ ವಾಹನವೂ ಜೊತೆಯೂ ಬೇಕು. ದಿನದಿನವೂ ಅನ್ಯರ ದುಃಖವನ್ನು ಕಿವಿಯಲ್ಲಿ ತುಂಬಿಕೊಂಡು ಬರುವವಳಿಗೆ ವಿಶ್ರಾಂತಿಯೂ, ಆಕೆಯ ದುಃಖ ಕೇಳುವ ಒಬ್ಬರೂ ಬೇಕು. ಇಷ್ಟಾದ ಮೇಲೆ ಸೇವಾಭಾವದ ಮಾತನ್ನು ಧಾರಾಳವಾಗಿ ಆಡೋಣ.

ಇದೆಲ್ಲವೂ ಸರ್ಕಾರದ ಕೈಯಲ್ಲಿದೆ, ನಾವೇನು ಮಾಡಬಲ್ಲೆವು ಎಂದು ವಾಚಕರು ಕೇಳಬಹುದು. ಸರ್ಕಾರವು ನಾಚುವುದು ನಾಚುವ ಜನರಿದ್ದಾಗ. ಮನೆಯ ಬಾಗಿಲಿಗೆ ಸಮೀಕ್ಷೆಗೆ ಬಂದವಳನ್ನು ಗೇಟಿನಾಚೆ ನಿಲ್ಲಿಸಿ ಮಾತಾಡುವುದನ್ನು ಬಿಡೋಣ. ಒಳಗೆ ಕರೆದು ಕೂರಿಸಿ ನೀರು ಕೊಡೋಣ. ‘ಏ ಆಶಾ’ ಎನ್ನದೆ ಹೆಸರು ಕೇಳಿ ಅಮ್ಮಾ ಎನ್ನೋಣ. ಮತ ಕೇಳಲು ಬಂದವರನ್ನು, ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೋದ ತಿಂಗಳು ಎಷ್ಟು ಹಣ, ಯಾವ ತಾರೀಖಿನಂದು ತಲಪಿತು ಎಂದು ಕೇಳೋಣ. ನಮ್ಮ ಸಂಘವೂ ವರ್ಷಕ್ಕೊಮ್ಮೆ ಇಂಥವರಿಗೆ ಶಾಲು ಹೊದಿಸಿ ಫಲತಾಂಬೂಲ ಕೊಟ್ಟು ಕಳುಹಿಸುವ ಪದ್ಧತಿಯನ್ನು ನಿಲ್ಲಿಸಲಿ. ಆ ದಿನ ಅವರನ್ನೇ ವೇದಿಕೆಯ ಮೇಲೆ ಕೂರಿಸಿ ಮಾತಾಡಲು ಬಿಟ್ಟು, ಉಳಿದವರು ಕೆಳಗೆ ಕುಳಿತು ಕೇಳಲಿ. ಕೇಳಿದ್ದನ್ನು ನಿರ್ಣಯವಾಗಿ ಬರೆದು, ಸಹಿ ಹಾಕಿ, ಜಿಲ್ಲಾಧಿಕಾರಿಗಳಿಗೂ ಶಾಸಕರಿಗೂ ಕಳುಹಿಸಲಿ. ಮಗನೋ ಮಗಳೋ ಈ ವೃತ್ತಿಯನ್ನು ಆರಿಸುತ್ತೇನೆಂದರೆ ಗಾಬರಿಗೊಳ್ಳದೆ, ಆ ವೃತ್ತಿಯಲ್ಲಿ ಮಾನವಾಗಿ ಬದುಕಲು ಬೇಕಾದುದನ್ನು ಅವರ ಪರವಾಗಿ ಕೇಳುವ ಧೈರ್ಯ ನಮಗೆ ಬರಲಿ.

ಅಮರಕೋಶದಲ್ಲಿ ‘ಆಶಾ’ ಎಂಬ ಶಬ್ದವು ದಿಕ್ಕಿಗೂ ಹೆಸರು. ಆ ಹೆಸರಿಟ್ಟವರಿಗೆ ಇದು ತಿಳಿದಿತ್ತೋ ಇಲ್ಲವೋ, ಹೆಸರಂತೂ ಸಾರ್ಥಕವಾಗಿದೆ. ದಿಕ್ಕಿಲ್ಲದವರಿಗೆ ಆಕೆ ದಿಕ್ಕಾಗಿದ್ದಾಳೆ. ಆಕೆಗೆ ದಿಕ್ಕು ಯಾರು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಾವು.